ಹಳೇ ಆಟೊಮ್ಯಾಟಿಕ್ ಗಾಡಿ ನಡುಗುತ್ತಿದೆಯಾ? ಗೇರ್‌ಬಾಕ್ಸ್ ಆಯಿಲ್ ಕೊಳ್ಳುವ ಮೊದಲು ಇಷ್ಟು ನೋಡಿ

ನಮ್ಮ ಮನೆಯ ಸೆಡಾನ್ 2006ರದು. 4 ಸ್ಪೀಡ್ ಆಟೊಮ್ಯಾಟಿಕ್. ಮೀಟರ್ 1,68,000 ಕಿ.ಮೀ. ದಾಟಿದೆ. ಹೋದ ವರ್ಷ ನೆಲಮಂಗಲ ದಾಟಿ ತುಮಕೂರು ಕಡೆ ಹೋಗುತ್ತಿದ್ದೆವು. ವೇಗ 60ರ ಹತ್ತಿರ, ಕಾಲು ಹಗುರಾಗಿ ಆಕ್ಸಿಲರೇಟರ್ ಮೇಲಿತ್ತು. ಇದ್ದಕ್ಕಿದ್ದ ಹಾಗೆ ಗಾಡಿ ನಡುಗಿತು. ರಂಬಲ್ ಸ್ಟ್ರಿಪ್ ಮೇಲೆ ಹೋದರೆ ಗಡಗಡ ಅನ್ನುತ್ತದಲ್ಲ, ಥೇಟ್ ಹಾಗೆ. ಎರಡು ಸೆಕೆಂಡ್, ಆಮೇಲೆ ಏನೂ ಇಲ್ಲ. ಹಿಂದೆ ಕೂತಿದ್ದ ಅಮ್ಮ "ರೋಡ್ ಸರಿ ಇಲ್ವೇನೋ?" ಅಂದರು. ರೋಡ್ ಚೆನ್ನಾಗೇ ಇತ್ತು.

ಅದಕ್ಕೆ ಮೂರು ವಾರ ಮೊದಲು ಒಂದು ಗ್ಯಾರೇಜಿನಲ್ಲಿ ಗೇರ್‌ಬಾಕ್ಸ್ ಆಯಿಲ್ ಬದಲಾಯಿಸಿದ್ದೆ. ಯಾವ ಆಯಿಲ್ ಹಾಕಿದಿರಿ ಅಂತ ವಾಪಸ್ ಹೋಗಿ ಕೇಳಿದೆ. "ಸಾರ್, ಆಟೊಮ್ಯಾಟಿಕ್‌ಗೆ ಹಾಕೋದು ಕೆಂಪು ಆಯಿಲ್. ಎಲ್ಲಾ ಕೆಂಪೂ ಒಂದೇ" ಅಂದರು. ಆ ಮೆಕ್ಯಾನಿಕ್ ಮೋಸ ಮಾಡುವವರಲ್ಲ. ನಿಜವಾಗಿಯೂ ಹಾಗೇ ನಂಬಿದ್ದರು. ಹಾಗೆ ನಂಬಿದವರು ತುಂಬಾ ಜನ ಇದ್ದಾರೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಕೆಂಪು ಅನ್ನುವುದು ಬರೀ ಬಣ್ಣ. ಗಾಡಿ ಕೆಳಗೆ ತೊಟ್ಟಿಕ್ಕಿದರೆ ಅದು ಇಂಜಿನ್ ಆಯಿಲೋ ಗೇರ್‌ಬಾಕ್ಸ್ ಆಯಿಲೋ ಅಂತ ಗೊತ್ತಾಗಲಿ ಎಂದು ಬೆರೆಸುತ್ತಾರೆ. ಆಯಿಲ್ ಹೇಗೆ ಕೆಲಸ ಮಾಡುತ್ತದೆ ಅನ್ನುವುದಕ್ಕೂ ಬಣ್ಣಕ್ಕೂ ಸಂಬಂಧವೇ ಇಲ್ಲ.

ಮೊದಲು, ಇದು ಗೇರ್‌ಬಾಕ್ಸಿನದೇ ನಡುಕವಾ?

ಈ ಪ್ರಶ್ನೆ ಬಿಟ್ಟು ಸೀದಾ ಆಯಿಲ್ ಅಂಗಡಿಗೆ ಹೋಗಬೇಡಿ. ಇಗ್ನಿಷನ್ ಕಾಯಿಲ್ ಹೋಗಿದ್ದರೆ, ಸ್ಪಾರ್ಕ್ ಪ್ಲಗ್ ಸವೆದಿದ್ದರೆ ಇಂಜಿನ್ ಮಿಸ್ ಹೊಡೆಯುತ್ತದೆ. ಅದೂ ಸೀಟಿನಲ್ಲಿ ಕೂತವರಿಗೆ ಹೆಚ್ಚುಕಮ್ಮಿ ಇದೇ ಥರ ಅನ್ನಿಸುತ್ತದೆ. ಪ್ಲಗ್ ಬದಲಾಯಿಸಿದ್ದರೆ ಮುಗಿಯುತ್ತಿದ್ದ ಕೆಲಸಕ್ಕೆ ಗೇರ್‌ಬಾಕ್ಸ್ ಬಿಚ್ಚಿಸಿದವರನ್ನು ನಾನು ನೋಡಿದ್ದೇನೆ.

ಎರಡನ್ನೂ ಬೇರೆ ಮಾಡಿ ನೋಡಲು ಒಂದು ಸುಲಭದ ಪರೀಕ್ಷೆ ಇದೆ. ಅದು ಯಾಕೆ ಕೆಲಸ ಮಾಡುತ್ತದೆ ಅಂತ ತಿಳಿಯಲು ಒಳಗೆ ಏನಿದೆ ಅಂತ ಸ್ವಲ್ಪ ನೋಡಬೇಕು. ಆಟೊಮ್ಯಾಟಿಕ್ ಗಾಡಿಯಲ್ಲಿ ಇಂಜಿನ್‌ಗೂ ಗೇರ್‌ಬಾಕ್ಸಿಗೂ ನಡುವೆ ಟಾರ್ಕ್ ಕನ್ವರ್ಟರ್ ಇರುತ್ತದೆ. ಎರಡು ಫ್ಯಾನ್ ಎದುರುಬದುರು ಇಟ್ಟು ಒಂದನ್ನು ಆನ್ ಮಾಡಿದರೆ ಅದರ ಗಾಳಿಗೆ ಇನ್ನೊಂದೂ ತಿರುಗುತ್ತದಲ್ಲ, ಹಾಗೆ. ಗಾಳಿಯ ಬದಲು ಇಲ್ಲಿ ಆಯಿಲ್. ಇದರಲ್ಲಿ ಸ್ವಲ್ಪ ಶಕ್ತಿ ಪೋಲಾಗುತ್ತದೆ. ಅದನ್ನು ತಪ್ಪಿಸಲು, ಗಾಡಿ ಒಂದೇ ವೇಗದಲ್ಲಿ ಹೋಗುತ್ತಿರುವಾಗ ಒಳಗಿನ ಒಂದು ಕ್ಲಚ್ ಎರಡೂ ಕಡೆಯನ್ನು ಬಿಗಿಯಾಗಿ ಸೇರಿಸುತ್ತದೆ. ಅದೇ ಲಾಕ್-ಅಪ್ ಕ್ಲಚ್. ನೀವು ಬ್ರೇಕ್ ಮುಟ್ಟಿದ ತಕ್ಷಣ ಅದು ಬಿಟ್ಟುಕೊಳ್ಳುತ್ತದೆ.

ಈಗ ಪರೀಕ್ಷೆ. ಖಾಲಿ ಇರುವ ನೇರ ರಸ್ತೆ ಬೇಕು, ಹಿಂದೆ ಯಾವ ಗಾಡಿಯೂ ಇರಬಾರದು. ಗಾಡಿ ಚೆನ್ನಾಗಿ ಬಿಸಿಯಾಗಿರಲಿ. ನಡುಕ ಬರುವ ವೇಗಕ್ಕೆ ತನ್ನಿ. ಬಲಗಾಲು ಆಕ್ಸಿಲರೇಟರ್ ಮೇಲೆ ಹಾಗೇ ಇರಲಿ. ನಡುಕ ಶುರುವಾದಾಗ ಎಡಗಾಲಿನಿಂದ ಬ್ರೇಕ್ ಪೆಡಲನ್ನು ಸುಮ್ನೆ ಸವರಿ. ಹಿಂದಿನ ಬ್ರೇಕ್ ಲೈಟ್ ಹತ್ತುವಷ್ಟು ಸಾಕು, ಗಾಡಿ ನಿಧಾನ ಆಗುವಷ್ಟು ಬೇಡ. ನಡುಕ ಅದೇ ಕ್ಷಣ ನಿಂತರೆ ಅದು ಲಾಕ್-ಅಪ್ ಕ್ಲಚ್‌ನದು. ಬ್ರೇಕ್ ಸವರಿದರೂ ನಿಲ್ಲದೆ, ಏರಿನಲ್ಲಿ ಇನ್ನೂ ಜಾಸ್ತಿಯಾದರೆ, ಇಂಜಿನ್ ಕಡೆ ನೋಡಿ. ಎಡಗಾಲಿಗೆ ಬ್ರೇಕಿನ ಅಭ್ಯಾಸ ಇರುವುದಿಲ್ಲ, ಜೋರಾಗಿ ಒತ್ತಿಬಿಡುತ್ತದೆ. ಆದ್ದರಿಂದ ಮೊದಲು ಗಾಡಿ ನಿಲ್ಲಿಸಿಕೊಂಡು ನಾಲ್ಕೈದು ಸಲ ಅಭ್ಯಾಸ ಮಾಡಿಕೊಳ್ಳಿ.

ನನ್ನ ಗಾಡಿಯಲ್ಲಿ ಬ್ರೇಕ್ ಸವರಿದ ಕೂಡಲೇ ನಡುಕ ನಿಂತಿತು. ಆರ್‌ಪಿಎಂ ಮುಳ್ಳು ಸುಮಾರು 200 ಮೇಲೆ ಹೋಯಿತು. ಲಾಕ್ ಬಿಟ್ಟಿತು ಅನ್ನುವುದಕ್ಕೆ ಅದೇ ಗುರುತು.

ಕಡ್ಡಿ ಎತ್ತಿ ನೋಡುವುದು

ಎರಡನೇ ಕೆಲಸ, ಡಿಪ್‌ಸ್ಟಿಕ್, ಅಂದರೆ ಗೇರ್‌ಬಾಕ್ಸ್ ಆಯಿಲ್ ಎಷ್ಟಿದೆ ಅಂತ ನೋಡುವ ಕಡ್ಡಿ. ಇಲ್ಲಿ ಎಷ್ಟೋ ಜನ ಎಡವುತ್ತಾರೆ, ಯಾಕೆಂದರೆ ನೋಡುವ ಕ್ರಮ ಒಂದೊಂದು ಕಂಪನಿಗೆ ಒಂದೊಂದು. ಟೊಯೊಟಾದ ಹಳೇ ಆಟೊಮ್ಯಾಟಿಕ್‌ಗಳಲ್ಲಿ ಗಾಡಿ ಬಿಸಿಯಾಗಿ, ಇಂಜಿನ್ ಐಡಲ್‌ನಲ್ಲಿ ಓಡುತ್ತಿರಬೇಕು. ಬ್ರೇಕ್ ಒತ್ತಿಕೊಂಡು ಗೇರ್ ಲಿವರನ್ನು ಪಿ ಯಿಂದ ಎಲ್ ವರೆಗೆ ನಿಧಾನಕ್ಕೆ ಎಳೆದು ವಾಪಸ್ ಪಿ ಗೆ ತಂದು, ಆಮೇಲೆ ಕಡ್ಡಿ ನೋಡಬೇಕು. ಹೋಂಡಾದ ಹಳೇ ಆಟೊಮ್ಯಾಟಿಕ್‌ಗಳಲ್ಲಿ ಇದಕ್ಕೆ ತಿರುಗಾಮುರುಗಾ. ರೇಡಿಯೇಟರ್ ಫ್ಯಾನ್ ತಿರುಗುವವರೆಗೆ ಬಿಸಿ ಮಾಡಿ, ಇಂಜಿನ್ ಆಫ್ ಮಾಡಿ, 60ರಿಂದ 90 ಸೆಕೆಂಡಿನ ಒಳಗೆ ನೋಡಬೇಕು. ಒಂದರ ಕ್ರಮದಲ್ಲಿ ಇನ್ನೊಂದನ್ನು ನೋಡಿದರೆ ಲೆವೆಲ್ ತಪ್ಪು ತೋರಿಸುತ್ತದೆ. ಅದನ್ನು ನಂಬಿ ಅರ್ಧ ಲೀಟರ್ ಜಾಸ್ತಿ ಸುರಿದರೆ ಒಳಗೆ ಗೇರುಗಳು ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತವೆ. ನೊರೆಯಲ್ಲಿ ಪ್ರೆಶರ್ ನಿಲ್ಲುವುದಿಲ್ಲ, ಗೇರ್ ಜಾರುತ್ತದೆ. ಆಯಿಲ್ ಕಮ್ಮಿಯಾದರೆ ಏನಾಗುತ್ತದೋ ಜಾಸ್ತಿಯಾದರೂ ಅದೇ ಆಗುತ್ತದೆ.

ಕೆಲವು ಗಾಡಿಗಳಲ್ಲಿ ಡಿಪ್‌ಸ್ಟಿಕ್ಕೇ ಇಲ್ಲ. ಕೆಳಗೆ ಒಂದು ಲೆವೆಲ್ ಪ್ಲಗ್ ಇರುತ್ತದೆ. ಆಯಿಲ್ ಮ್ಯಾನ್ಯುಯಲ್ ಹೇಳುವ ಬಿಸಿಗೆ ಬಂದಾಗ ಅದನ್ನು ಬಿಚ್ಚಿ ನೋಡಬೇಕು. ಅಂಥವನ್ನು ಸ್ಕ್ಯಾನರ್ (ಗಾಡಿಯ ಕಂಪ್ಯೂಟರ್ ಓದುವ ಉಪಕರಣ) ಇರುವ ಗ್ಯಾರೇಜಿಗೇ ಬಿಡಿ.

ಕಡ್ಡಿಯಲ್ಲಿ ಬಂದ ಆಯಿಲ್‌ನ ಒಂದು ಹನಿಯನ್ನು ಬಿಳಿ ಟಿಶ್ಯೂ ಮೇಲೆ ಬಿಟ್ಟು ಹತ್ತು ನಿಮಿಷ ಕಾಯಿರಿ. ಚೆನ್ನಾಗಿರುವ ಆಯಿಲ್ ತೆಳ್ಳಗೆ, ಅಗಲಕ್ಕೆ ಹರಡಿಕೊಳ್ಳುತ್ತದೆ. ತಿಳಿ ಕೆಂಪು ಕಲೆ ಬಿಡುತ್ತದೆ. ಹಳಸಿದ ಆಯಿಲ್‌ನಲ್ಲಿ ಕಂದು ಕಲೆಯ ನಡುವೆ ಕಪ್ಪು ಚುಕ್ಕಿ ಕೂತುಬಿಡುತ್ತದೆ. ಆಮೇಲೆ ಮೂಸಿ ನೋಡಿ. ಬಣ್ಣಕ್ಕಿಂತ ನಾನು ವಾಸನೆಯನ್ನು ಜಾಸ್ತಿ ನಂಬುತ್ತೇನೆ. ಕಂದು ಬಣ್ಣ ಬರೀ ವಯಸ್ಸಿನಿಂದಲೂ ಬರುತ್ತದೆ. ಸುಟ್ಟ ವಾಸನೆ ಬಂದರೆ ಕ್ಲಚ್ ಪ್ಲೇಟುಗಳು ಜಾರಿ ಕಾದಿವೆ ಎಂದರ್ಥ.

ಕಡ್ಡಿಯಲ್ಲಿ ರೋಸ್ ಮಿಲ್ಕ್ ಥರ ಗುಲಾಬಿ ಬಣ್ಣದ ಮಂದ ದ್ರವ ಬಂದರೆ ಗಾಡಿ ಸ್ಟಾರ್ಟ್ ಮಾಡಬೇಡಿ, ಟೋ ಮಾಡಿಸಿ. ಹಳೇ ಗಾಡಿಗಳಲ್ಲಿ ಗೇರ್‌ಬಾಕ್ಸ್ ಆಯಿಲನ್ನು ತಣಿಸುವ ಕೂಲರ್ ರೇಡಿಯೇಟರಿನ ಒಳಗೇ ಇರುತ್ತದೆ. ಅದು ತೂತಾದರೆ ಕೂಲೆಂಟ್ ಗೇರ್‌ಬಾಕ್ಸಿಗೆ ನುಗ್ಗುತ್ತದೆ. ಕೂಲೆಂಟ್‌ನಲ್ಲಿರುವ ನೀರು, ಗ್ಲೈಕಾಲ್ ಸೇರಿದರೆ ಕ್ಲಚ್ ಪ್ಲೇಟಿಗೆ ಅಂಟಿಸಿರುವ ಪದರ ಕಿತ್ತುಬರುತ್ತದೆ. ಇದಕ್ಕೆ ಯಾವ ಆಯಿಲೂ ಔಷಧಿ ಅಲ್ಲ, ಮೊದಲು ರೇಡಿಯೇಟರ್ ಬದಲಾಗಬೇಕು.

ಆಯಿಲ್‌ನ ತಪ್ಪು ಹೇಗೆ ನಡುಕವಾಗುತ್ತದೆ

ಸ್ಲೇಟಿನ ಮೇಲೆ ಬಳಪ ನೆಟ್ಟಗೆ ಹಿಡಿದು ಎಳೆದರೆ ಕಿರ್ರ್ ಅನ್ನುತ್ತದೆ, ಅಲ್ವಾ? ಬಳಪ ಒಂದು ಕ್ಷಣ ಹಿಡಿದುಕೊಳ್ಳುತ್ತದೆ, ಮರುಕ್ಷಣ ಜಾರುತ್ತದೆ, ಮತ್ತೆ ಹಿಡಿಯುತ್ತದೆ. ಲಾಕ್-ಅಪ್ ಕ್ಲಚ್‌ನಲ್ಲೂ ಅದೇ ಆಗುವುದು. ಕ್ಲಚ್ ಮೆತ್ತಗೆ ಜಾರುತ್ತಾ ಬಂದು ಕೂರಬೇಕು. ಹಾಗೆ ಕೂರಿಸುವುದು ಆಯಿಲ್‌ನಲ್ಲಿ ಬೆರೆಸಿರುವ ಫ್ರಿಕ್ಷನ್ ಮಾಡಿಫೈಯರ್. ಅದು ಹಳಸಿ ಹೋಗಿದ್ದರೆ, ಅಥವಾ ಆ ಕ್ಲಚ್‌ಗೆ ಒಗ್ಗದ ಬೇರೆ ಬಗೆಯದಾದರೆ, ಕ್ಲಚ್ ಹಿಡಿದು ಬಿಟ್ಟು ಹಿಡಿದು ಬಿಟ್ಟು ಕುಣಿಯುತ್ತದೆ. ಅದೇ ನಿಮ್ಮ ಸೀಟಿಗೆ ಬರುವ ಗಡಗಡ.

ಪ್ರತಿ ಕಂಪನಿ ತನ್ನ ಕ್ಲಚ್ ಪ್ಲೇಟಿಗೆ ಬಳಸಿದ ವಸ್ತುವಿಗೆ ತಕ್ಕ ಹಾಗೆ ಆಯಿಲ್ ಹದ ಮಾಡಿಸಿರುತ್ತದೆ. ಇದು ವ್ಯಾಪಾರದ ಮಾತಷ್ಟೇ ಅಲ್ಲ. ಅಮೆರಿಕದಲ್ಲಿ 1967ರಲ್ಲಿ ಬಂದ ಫೋರ್ಡ್ ಟೈಪ್ ಎಫ್ ಆಯಿಲ್‌ನಲ್ಲಿ ಫ್ರಿಕ್ಷನ್ ಮಾಡಿಫೈಯರ್ ಇರಲಿಲ್ಲ, ಕ್ಲಚ್ ಗಟ್ಟಿಯಾಗಿ ಹಿಡಿಯಲಿ ಎಂದೇ. ಅದೇ ಕಾಲದ ಜನರಲ್ ಮೋಟರ್ಸ್‌ನ ಡೆಕ್ಸ್ರಾನ್‌ನಲ್ಲಿ ಅದು ಇತ್ತು, ಕ್ಲಚ್ ನಯವಾಗಿ ಕೂರಲಿ ಎಂದು. ಎರಡೂ ಕೆಂಪು. ಗುಣ ಮಾತ್ರ ಪೂರ್ತಿ ಬೇರೆ.

ಹಾಗಾದರೆ ಯಾವುದು ಕೊಳ್ಳಬೇಕು?

ಮೊದಲು ಡಿಪ್‌ಸ್ಟಿಕ್ ಹಿಡಿ ಮೇಲೆ ಬರೆದಿದೆಯಾ ನೋಡಿ. ಎಷ್ಟೋ ಗಾಡಿಗಳಲ್ಲಿ ಅಲ್ಲೇ ಅಚ್ಚಾಗಿರುತ್ತದೆ. ಇಲ್ಲದಿದ್ದರೆ ಓನರ್ಸ್ ಮ್ಯಾನ್ಯುಯಲ್. ನನ್ನ ಗಾಡಿಗೆ ಬೇಕಿದ್ದದ್ದು ಟೊಯೊಟಾದ ಟೈಪ್ ಟಿ-4 ಎನ್ನುವ ಆಯಿಲ್. ಗ್ಯಾರೇಜಿನವರು ಹಾಕಿದ್ದು ಡೆಕ್ಸ್ರಾನ್ 3 ಎಂದು ಬರೆದಿದ್ದ ಡಬ್ಬಿ. ಪವರ್ ಸ್ಟೀರಿಂಗ್‌ಗೆ ಅಂತ ತಂದಿಟ್ಟುಕೊಂಡಿದ್ದರಂತೆ, ಅದೂ ಕೆಂಪೇ.

ಡೆಕ್ಸ್ರಾನ್ 3 ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ಅಂಗಡಿಗಳಲ್ಲಿ ಈಗಲೂ ಆ ಹೆಸರಿನ ಡಬ್ಬಿಗಳು ತುಂಬಾ ಸಿಗುತ್ತವೆ. ಜನರಲ್ ಮೋಟರ್ಸ್ 2005ರಲ್ಲಿ ಡೆಕ್ಸ್ರಾನ್ 6 ತಂದಿತು. 2006 ಮುಗಿದ ಮೇಲೆ ಡೆಕ್ಸ್ರಾನ್ 3 ಲೈಸೆನ್ಸ್‌ಗಳನ್ನು ಮುಂದುವರಿಸಲಿಲ್ಲ. ಅಂದರೆ ಈಗ ಡಬ್ಬಿ ಮೇಲೆ ಆ ಹೆಸರು ಇದ್ದರೆ ಅದು ತಯಾರಿಸಿದವರ ಮಾತು ಅಷ್ಟೇ. ಆ ಅಳತೆಗೆ ಇದೆ ಅಂತ ಜನರಲ್ ಮೋಟರ್ಸ್ ಪರೀಕ್ಷಿಸಿ ಒಪ್ಪಿದ್ದಲ್ಲ. ಒಳ್ಳೆಯ ಕಂಪನಿಯದಾದರೆ ಒಳ್ಳೆಯದೇ ಇರಬಹುದು. ಬೆಲೆ ಕಮ್ಮಿ ಅಂತ ಯಾವುದೋ ಒಂದನ್ನು ತರಬೇಡಿ.

ನಮ್ಮಲ್ಲಿ ಓಡುವ ಹಳೇ ಆಟೊಮ್ಯಾಟಿಕ್‌ಗಳಲ್ಲಿ ಹೆಚ್ಚಾಗಿ ಗೊಂದಲ ಆಗುವುದು ಇವು. ಟೊಯೊಟಾದಲ್ಲಿ ಟಿ-4 ಮತ್ತು ಡಬ್ಲ್ಯೂಎಸ್ ಎರಡೂ ಇವೆ, ಆದರೆ ಒಂದರ ಬದಲು ಇನ್ನೊಂದು ನಡೆಯುವುದಿಲ್ಲ. ಟಿ-4 ಮಂದ. 100 ಡಿಗ್ರಿ ಬಿಸಿಯಲ್ಲಿ ಅದರ ಮಂದತನ ಸುಮಾರು 7 ಸೆಂಟಿಸ್ಟೋಕ್. ಡಬ್ಲ್ಯೂಎಸ್ ಸುಮಾರು 5.5. "ಹೊಸದು, ಒಳ್ಳೇದು" ಅಂತ ಸವೆದ ಹಳೇ ಗೇರ್‌ಬಾಕ್ಸಿಗೆ ತೆಳು ಆಯಿಲ್ ಹಾಕಿದರೆ ಸೀಲುಗಳ ಸಂದಿನಲ್ಲಿ ಪ್ರೆಶರ್ ಸೋರಿಹೋಗುತ್ತದೆ. ಹೋಂಡಾದಲ್ಲಿ ಹಾಗಲ್ಲ. ಹಳೇ ಝಡ್-1 ಬೇಕಿದ್ದ ಮಾಮೂಲಿ ಆಟೊಮ್ಯಾಟಿಕ್‌ಗೆ ಈಗ ಡಿಡಬ್ಲ್ಯೂ-1 ಹಾಕಬಹುದು, ಕಂಪನಿಯೇ ಹೇಳಿದೆ. ಹ್ಯುಂಡೈನ 4 ಸ್ಪೀಡ್‌ಗಳಿಗೆ ಎಸ್‌ಪಿ-3, ಆಮೇಲೆ ಬಂದ 6 ಸ್ಪೀಡ್‌ಗಳಿಗೆ ಎಸ್‌ಪಿ-4. ಇವನ್ನೂ ಅದಲು ಬದಲು ಮಾಡಬಾರದು. ಸಿವಿಟಿ (ಗೇರುಗಳ ಬದಲು ಬೆಲ್ಟ್ ಇರುವ ಆಟೊಮ್ಯಾಟಿಕ್) ಇದ್ದರೆ ಸಿವಿಟಿ ಆಯಿಲೇ ಬೇಕು. ಅದರಲ್ಲಿ ಉಕ್ಕಿನ ಬೆಲ್ಟ್ ಜಾರದೆ ಹಿಡಿದುಕೊಳ್ಳಬೇಕು, ಮಾಮೂಲಿ ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್) ಹಾಕಿದರೆ ಬೆಲ್ಟೇ ಹಾಳು.

ಎಎಂಟಿ ಗಾಡಿ ಇರುವವರು ಇದನ್ನು ಓದುತ್ತಿದ್ದರೆ: 2014ರ ಮಾರುತಿ ಸೆಲೆರಿಯೊದಿಂದ ನಮ್ಮಲ್ಲಿ ಶುರುವಾದ ಆ ಬಗೆಯ ಗಾಡಿಯಲ್ಲಿ ಕ್ಲಚ್ ಪೆಡಲ್ ಇಲ್ಲ ನಿಜ, ಆದರೆ ಒಳಗಿರುವುದು ಮ್ಯಾನ್ಯುಯಲ್ ಗೇರ್‌ಬಾಕ್ಸೇ. ಅದಕ್ಕೆ ಎಟಿಎಫ್ ಬೇಡ, ಮ್ಯಾನ್ಯುಯಲ್ ಗೇರ್ ಆಯಿಲ್ ಬೇಕು. ಹಳೇ ಮ್ಯಾನ್ಯುಯಲ್ ಗಾಡಿ ಇರುವವರು ಜಿಎಲ್-4 ದರ್ಜೆಯ ಗೇರ್ ಆಯಿಲ್ ಕೇಳಿದ್ದ ಕಡೆ ಜಿಎಲ್-5 ಹಾಕಬೇಡಿ. ಸಂಖ್ಯೆ ದೊಡ್ಡದಾದರೆ ಆಯಿಲ್ ಮೇಲು ಅಂತಲ್ಲ. ಜಿಎಲ್-5ರಲ್ಲಿ ಗಂಧಕದ ಅಂಶ ಜಾಸ್ತಿ. ಗೇರ್ ನಯವಾಗಿ ಬೀಳಿಸುವ ಹಿತ್ತಾಳೆಯ ಸಿಂಕ್ರೊನೈಸರ್ ರಿಂಗುಗಳಿಗೆ ಅದು ಆಗಿಬರುವುದಿಲ್ಲ. ಬೆಳಿಗ್ಗೆ ಎರಡನೇ ಗೇರ್ ಕರ್ ಅನ್ನಲು ಶುರುವಾಗುತ್ತದೆ.

"ಎಲ್ಲಾ ಗಾಡಿಗೂ" ಎನ್ನುವ ಮಲ್ಟಿ ವೆಹಿಕಲ್ ಡಬ್ಬಿಗಳ ಬಗ್ಗೆ ನನ್ನ ಅಭಿಪ್ರಾಯ ಹೇಳುತ್ತೇನೆ. ಹಿಂದಿನ ಸಣ್ಣ ಅಕ್ಷರಗಳನ್ನು ಓದಿ. "ಅಪ್ರೂವ್ಡ್" ಅಂದರೆ ಕಾರು ಕಂಪನಿ ಒಪ್ಪಿದೆ. "ಸೂಟಬಲ್ ಫಾರ್" ಅಂದರೆ ಆಯಿಲ್ ಕಂಪನಿ ತಾನೇ ಹೇಳಿಕೊಳ್ಳುತ್ತಿದೆ. ಹೆಸರಿರುವ ಕಂಪನಿಯ ಡಬ್ಬಿಯಲ್ಲಿ ನಿಮ್ಮ ಗಾಡಿಯ ಸ್ಪೆಕ್ (ಟಿ-4, ಎಸ್‌ಪಿ-3 ಥರದ ಹೆಸರು) ಇದ್ದು, ಗೇರ್‌ಬಾಕ್ಸ್ ಆರೋಗ್ಯವಾಗಿದ್ದರೆ ಹಾಕಿ, ತಪ್ಪಿಲ್ಲ. ಆದರೆ ಒಂದೇ ಡಬ್ಬಿ ಟಿ-4, ಡಬ್ಲ್ಯೂಎಸ್, ಸಿವಿಟಿ ಎಲ್ಲಕ್ಕೂ ಆಗುತ್ತದೆ ಅಂದರೆ ಅದನ್ನು ಕೆಳಗಿಡಿ. 7 ಮತ್ತು 5.5 ಒಂದೇ ಡಬ್ಬಿಯಲ್ಲಿ ಇರುವುದು ಹೇಗೆ? ನಡುಕ ಆಗಲೇ ಶುರುವಾಗಿರುವ ಗಾಡಿಗಂತೂ ನಾನು ಕಂಪನಿಯ ಆಯಿಲ್ ಬಿಟ್ಟು ಬೇರೆ ಹಾಕುವುದಿಲ್ಲ. ಬೆಂಗಳೂರಿನವರಿಗೆ ಜೆ.ಸಿ. ರೋಡಿನಲ್ಲಿ ಸಿಗುತ್ತದೆ. ಸ್ಪೆಕ್ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಸೀಲ್ ಒಡೆಯದ ಡಬ್ಬಿಯನ್ನೇ ಕೇಳಿ, ಬಿಲ್ ತಗೊಳ್ಳಿ.

"ಹೈ ಮೈಲೇಜ್" (ಅಂದರೆ ತುಂಬಾ ಕಿ.ಮೀ. ಓಡಿದ ಗಾಡಿಗೆ) ಎಂದು ಬರೆದ ಆಯಿಲ್‌ಗಳಲ್ಲಿ ಸೀಲನ್ನು ಮೆದು ಮಾಡುವ ಅಂಶ ಸೇರಿರುತ್ತದೆ. ಹಳೇ ರಬ್ಬರ್ ಸೀಲು ಗಟ್ಟಿಯಾಗಿ ಸಣ್ಣಗೆ ಜಿನುಗುತ್ತಿದ್ದರೆ ಉಪಯೋಗ ಆಗಬಹುದು. ನಡುಕಕ್ಕೂ ಜಾರುವಿಕೆಗೂ ಅದರಿಂದ ಏನೂ ಆಗದು.

ನಾನು ಬದಲಾಯಿಸಿದ ರೀತಿ

ಹಳೇ ಗೇರ್‌ಬಾಕ್ಸಿಗೆ ಹೊಸ ಆಯಿಲ್ ಹಾಕಿದರೆ ಸತ್ತೇ ಹೋಗುತ್ತದೆ ಎನ್ನುವ ಮಾತು ನೀವೂ ಕೇಳಿರುತ್ತೀರಿ. ಅದು ಪೂರ್ತಿ ಸುಳ್ಳಲ್ಲ. ಜನ ಆಯಿಲ್ ನೆನಪಿಸಿಕೊಳ್ಳುವುದೇ ಗೇರ್ ಜಾರಲು ಶುರುವಾದ ಮೇಲೆ. ಅಷ್ಟು ಹೊತ್ತಿಗೆ ಕ್ಲಚ್ ಪ್ಲೇಟ್ ಸವೆದಿರುತ್ತದೆ. ಆಮೇಲೆ ಕೆಟ್ಟರೆ ಹೊಸ ಆಯಿಲ್ ಮೇಲೆ ತಪ್ಪು ಬರುತ್ತದೆ. ಇನ್ನೊಂದು, ಮೆಷಿನ್ ಹಾಕಿ ಜೋರಾಗಿ ಫ್ಲಶ್ ಮಾಡಿದರೆ ವರ್ಷಗಟ್ಟಲೆ ತಳದಲ್ಲಿ ಕೂತ ಕೊಳೆ ಎದ್ದು ಗೇರ್ ಬದಲಿಸಲು ಆಯಿಲ್ ಹಂಚುವ ವಾಲ್ವ್ ಬಾಡಿಯ ಸಣ್ಣ ರಂಧ್ರಗಳಿಗೆ ಸಿಕ್ಕಿಕೊಳ್ಳಬಹುದು. ಆದ್ದರಿಂದ ಹಳೇ ಗಾಡಿಗೆ ಮೆಷಿನ್ ಬೇಡ ಅನ್ನುವುದು ನನ್ನ ಗಟ್ಟಿ ನಿಲುವು. ಕೆಳಗಿನ ಡ್ರೈನ್ ಪ್ಲಗ್ ಬಿಚ್ಚಿ, ಬಂದಷ್ಟು ಇಳಿಸಿ, ಅಷ್ಟೇ ತುಂಬಿ. ಬದಲಾಯಿಸದೇ ಬಿಡುವುದೂ ಸರಿಯಲ್ಲ. "ಲೈಫ್‌ಟೈಮ್" ಆಯಿಲ್ ಎಂದು ಕಾರು ಕಂಪನಿಗಳು ಹೇಳಿದ ಗೇರ್‌ಬಾಕ್ಸುಗಳಿಗೂ, ಅವುಗಳಲ್ಲಿ ಹಲವನ್ನು ತಯಾರಿಸುವ ಝಡ್‌ಎಫ್ ಕಂಪನಿ 80,000ದಿಂದ 1,20,000 ಕಿ.ಮೀ. ಅಥವಾ 8 ವರ್ಷಕ್ಕೆ ಬದಲಾಯಿಸಿ ಎನ್ನುತ್ತದೆ.

ಡ್ರೈನ್ ಪ್ಲಗ್ ಬಿಚ್ಚಿದರೆ ಪೂರ್ತಿ ಆಯಿಲ್ ಬರುವುದಿಲ್ಲ. ನನ್ನ ಗೇರ್‌ಬಾಕ್ಸಿನಲ್ಲಿ ಒಟ್ಟು ಸುಮಾರು 7 ಲೀಟರ್. ಇಳಿದದ್ದು 3. ಉಳಿದ 4 ಲೀಟರ್ ಟಾರ್ಕ್ ಕನ್ವರ್ಟರಿನಲ್ಲಿ, ಕೂಲರ್ ಪೈಪುಗಳಲ್ಲಿ ಹಾಗೇ ಇರುತ್ತದೆ. ಒಂದು ಸಲ ಮಾಡಿದರೆ ಹಳೇ ಆಯಿಲ್ 57 ಪರ್ಸೆಂಟ್ ಉಳಿಯುತ್ತದೆ. ಎರಡನೇ ಸಲಕ್ಕೆ 33, ಮೂರನೇ ಸಲಕ್ಕೆ 19. ನಡುವೆ 500 ಕಿ.ಮೀ. ಓಡಿಸಿ ಮೂರು ಸಲ ಮಾಡಿದೆ.

ಗಾಡಿ ಉಗುರುಬೆಚ್ಚಗೆ ಇರುವಾಗ ಇಳಿಸಿ. ಕುದಿಯುವ ಬಿಸಿಯಲ್ಲಿ ಬೇಡ, ಕೈ ಸುಡುತ್ತದೆ. ಬರೀ ಜಾಕ್ ನಂಬಿ ಗಾಡಿ ಕೆಳಗೆ ಹೋಗಬೇಡಿ, ಸ್ಟ್ಯಾಂಡ್ ಕೊಡಿ. ಇಳಿದ ಆಯಿಲ್ ತಣ್ಣಗಾದ ಮೇಲೆ 1 ಲೀಟರ್ ನೀರಿನ ಬಾಟಲಿಗಳಿಗೆ ಸುರಿದು ಸಾಲಾಗಿ ಇಟ್ಟೆ. ಮೂರು ಬಾಟಲಿ ತುಂಬಿತು, ಅಷ್ಟನ್ನೇ ಹೊಸದು ಅಳೆದು ಹಾಕಿದೆ. ಬಿಸಿ ಆಯಿಲ್ ಹಿಗ್ಗಿರುತ್ತದೆ. ಬಿಸಿಯಲ್ಲೇ ಅಳೆದು ತಣ್ಣನೆ ಆಯಿಲ್ ಅಷ್ಟೇ ಹಾಕಿದರೆ ಲೆಕ್ಕ ಜಾಸ್ತಿಯಾಗುತ್ತದೆ. ಪ್ಲಗ್‌ನ ವಾಷರ್ ಹೊಸದು ಹಾಕಿ.

ಮೊದಲ ಸಲ ಕೆಳಗಿನ ಪ್ಯಾನ್ ಕೂಡ ಬಿಚ್ಚಿಸಿದೆ. ಅದರ ತಳದಲ್ಲಿ ಆಯಸ್ಕಾಂತದ ಬಿಲ್ಲೆಗಳಿರುತ್ತವೆ. ಅವುಗಳ ಮೇಲೆ ಬೂದು ಬಣ್ಣದ ಪೇಸ್ಟ್ ಕೂತಿತ್ತು, ಬೆರಳಿನಲ್ಲಿ ಉಜ್ಜಿದರೆ ಕಾಡಿಗೆಯಷ್ಟು ನುಣುಪು. ಅದನ್ನು ನೋಡಿ ನೆಮ್ಮದಿಯಾಯಿತು, ಅಷ್ಟು ಕಿ.ಮೀ. ಓಡಿದ ಗೇರ್‌ಬಾಕ್ಸಿನಲ್ಲಿ ಅದು ಸಹಜ. ಬೆರಳಿಗೆ ಚುಚ್ಚುವ ಹೊಳೆಯುವ ಚೂರು ಸಿಕ್ಕಿದ್ದರೆ ಕಥೆ ಬೇರೆ. ಆಗ ಆಯಿಲ್ ಖರ್ಚು ದಂಡ.

ಆಯಿಲ್‌ನಿಂದ ಸರಿ ಹೋಗದ ಲಕ್ಷಣಗಳು

2ರಿಂದ 3ಕ್ಕೆ ಹೋಗುವಾಗ ಆರ್‌ಪಿಎಂ ಮಾತ್ರ ಏರಿ ಗಾಡಿ ಎಳೆಯದಿದ್ದರೆ, ಲೆವೆಲ್ಲೂ ಸರಿ ಇದ್ದರೆ, ಕ್ಲಚ್ ಪ್ಲೇಟ್ ಸವೆದಿದೆ. ಡಿ ಗೆ ಹಾಕಿದಾಗ ಬರೀ ಬೆಳಿಗ್ಗೆ ಎರಡು ಮೂರು ಸೆಕೆಂಡ್ ತಡವಾಗುತ್ತಿದ್ದರೆ ಲೆವೆಲ್ ನೋಡಿ, ಫಿಲ್ಟರ್ ನೋಡಿ. ಎರಡೂ ಸರಿ ಇದ್ದರೆ ಒಳಗಿನ ಸೀಲು ಗಟ್ಟಿಯಾಗಿದೆ. ಗೇರ್ ಬೀಳುವಾಗ ಧಡ್ ಅಂತ ಹೊಡೆದರೆ ಮೊದಲು ಇಂಜಿನ್ ಮೌಂಟಿಂಗ್ ನೋಡಿ. ನಮ್ಮ ರಸ್ತೆಗಳಲ್ಲಿ ಓಡಿದ ಹಳೇ ಗಾಡಿಗಳಲ್ಲಿ ಹರಿದಿರುವುದು ಹೆಚ್ಚಾಗಿ ಅದೇ. ಓ/ಡಿ (ಓವರ್‌ಡ್ರೈವ್) ಲೈಟ್ ಮಿಣುಕುತ್ತಿದ್ದರೆ ಸ್ಕ್ಯಾನರ್ ಹಾಕಿಸಿ ಕೋಡ್ ಓದಿಸಿ, ಆಯಿಲ್ ದಾರಿ ತೆರೆದು ಮುಚ್ಚುವ ಸೊಲೆನಾಯ್ಡ್ ಕೆಟ್ಟಿರಬಹುದು.

ನನ್ನ ಗಾಡಿಗೆ ಮೊದಲ ಸಲ ಟಿ-4 ಹಾಕಿದಾಗ ದೊಡ್ಡ ವ್ಯತ್ಯಾಸ ಗೊತ್ತಾಗಲಿಲ್ಲ. ಎರಡನೇ ಸಲದ ನಂತರ ನಡುಕ ಅಪರೂಪವಾಯಿತು, ಏರಿನಲ್ಲಿ ಮಾತ್ರ ಬರುತ್ತಿತ್ತು. ಮೂರನೆಯದು ಹಾಕಿ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗಿ ಬಂದೆವು, ಗಾಡಿ ತುಂಬಾ ಜನ. ಒಂದು ಸಲವೂ ನಡುಗಲಿಲ್ಲ. ಆಮೇಲೆ 9,000 ಕಿ.ಮೀ. ಓಡಿದೆ. ಬಾನೆಟ್ ಒಳಗೆ ಬಿಳಿ ಟೇಪ್ ಅಂಟಿಸಿ, ಮಾರ್ಕರ್‌ನಲ್ಲಿ "ಗೇರ್‌ಬಾಕ್ಸ್: ಟಿ-4 ಮಾತ್ರ" ಎಂದು ಬರೆದು, ಕೆಳಗೆ ಕೊನೇ ಸಲ ಬದಲಾಯಿಸಿದ ತಾರೀಕು, ಕಿಲೋಮೀಟರ್ ಹಾಕಿದ್ದೇನೆ. ಇನ್ನು ಯಾವ ಗ್ಯಾರೇಜಿನಲ್ಲಿ ಬಾನೆಟ್ ಎತ್ತಿದರೂ ಮೊದಲು ಕಾಣುವುದು ಅದೇ.